ತೂಕ ನಿಧಾನವಾಗಿ ಇಳಿಯಲಿ, ಕೈ ಬಿಡಬೇಡಿ

ಡಯಟ್ ಶುರು ಮಾಡಿದ ಮೊದಲ ತಿಂಗಳು ನಮ್ಮವರ ಹುರುಪು ನೋಡಬೇಕು. ನಸುಕಿನಲ್ಲೇ ಎದ್ದು ವಾಕಿಂಗ್, ಸಕ್ಕರೆ ಇಲ್ಲದ ಚಹಾ, ಮಧ್ಯಾಹ್ನ ಒಂದೇ ರೊಟ್ಟಿ, ರಾತ್ರಿ ಬರೀ ಮಜ್ಜಿಗೆ. ಮೊದಲ ವಾರದಲ್ಲೇ ಎರಡು ಕಿಲೊ ಇಳಿದರೆ ಓಣಿಗೆಲ್ಲ ಸುದ್ದಿ. ಎರಡನೇ ತಿಂಗಳು ಕಾಟಾದ ಮುಳ್ಳು ಮೆಲ್ಲಗೆ ಸರಿಯುತ್ತದೆ. ಮೂರನೇ ತಿಂಗಳು ನಿಂತಲ್ಲೇ ನಿಂತುಬಿಡುತ್ತದೆ. ಆಗ ಕೇಳಿಬರುವ ಮಾತು ಎಲ್ಲ ಮನೆಗಳಲ್ಲೂ ಒಂದೇ: ‘ಇಷ್ಟ ಬಾಯಿ ಕಟ್ಟಿ ಏನ ಬಂತ್ರೀ? ನಮ್ಮ ಮೈನ ಹಂಗೈತಿ, ಬಿಡ್ರಿ.’ ಮರುದಿನ ಡಯಟ್ ಚಾರ್ಟು ಗೋಡೆಯಿಂದ ಇಳಿಯುತ್ತದೆ, ಮಿರ್ಚಿ ಭಜಿ ತಟ್ಟೆಗೆ ಬರುತ್ತದೆ. ಇಳಿದಿದ್ದ ಮೂರು ಕಿಲೊ ದೀಪಾವಳಿಯೊಳಗೆ ವಾಪಸ್ ಬಂದು ಕೂರುತ್ತದೆ.

ಆರೋಗ್ಯ ಇಲಾಖೆಯ ಕೆಲಸದ ಮೇಲೆ ಮುಂಡರಗಿ ಸೀಮೆಯ ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ಕೂತು ಮಾತಾಡಿದವಳು ನಾನು. ಈಗ ನಿವೃತ್ತಳು. ನನ್ನ ಮಕ್ಕಳ ವಯಸ್ಸಿನವರು ಈಗಲೂ ಬಂದು ಇದೇ ಕಷ್ಟ ಹೇಳಿಕೊಳ್ಳುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ತಿಂಗಳಿಗೆ ಒಂದು ಕಿಲೊ ಇಳಿದರೆ ಅದು ಒಳ್ಳೆಯ ಇಳಿತ. ಏನೂ ಇಳಿಯದ ತಿಂಗಳುಗಳೂ ಬರುತ್ತವೆ, ಎಲ್ಲರಿಗೂ ಬರುತ್ತವೆ. ಆ ತಿಂಗಳುಗಳಲ್ಲಿ ಊಟದ ಕ್ರಮ ಬಿಡದವರು ಮಾತ್ರ ಗುರಿ ಮುಟ್ಟುತ್ತಾರೆ.

ಮೊದಲ ವಾರದ ಆ ಎರಡು ಕಿಲೊ ಏನು ಎಂಬುದು ಮೊದಲು ಗೊತ್ತಿರಲಿ. ಎಪಿಎಂಸಿಗೆ ಹಸಿ ಶೇಂಗಾ ಒಯ್ದವರಿಗೆ ಇದು ಬೇಗ ತಿಳಿಯುತ್ತದೆ. ಹೊಲದಿಂದ ಕಿತ್ತ ಶೇಂಗಾ ನಾಲ್ಕು ದಿನ ಬಿಸಿಲಿಗೆ ಹರಡಿದರೆ ಚೀಲದ ತೂಕ ಭರ್ರನೆ ಇಳಿಯುತ್ತದೆ. ಹಾಗಂತ ಕಾಳು ಕಡಿಮೆಯಾಯಿತೇ? ಇಲ್ಲ, ಹೋದದ್ದು ನೀರು. ನಮ್ಮ ಮೈಯೂ ಪಿತ್ತಜನಕಾಂಗದಲ್ಲಿ ಮತ್ತು ಸ್ನಾಯುಗಳಲ್ಲಿ ಗ್ಲೈಕೊಜೆನ್ ಎಂಬ ಸಕ್ಕರೆಯ ದಾಸ್ತಾನು ಇಟ್ಟುಕೊಂಡಿರುತ್ತದೆ. ಅದರ ಪ್ರತಿ ಗ್ರಾಮಿನ ಜೊತೆ ಮೂರು ನಾಲ್ಕು ಗ್ರಾಂ ನೀರು ಕೂತಿರುತ್ತದೆ. ಊಟ ಕಡಿಮೆ ಮಾಡಿದ ಮೊದಲ ದಿನಗಳಲ್ಲಿ ಮೈ ಈ ದಾಸ್ತಾನನ್ನು ಖರ್ಚು ಮಾಡುತ್ತದೆ, ನೀರೂ ಅದರ ಜೊತೆ ಹೋಗುತ್ತದೆ. ಕೊಬ್ಬು ಕರಗುವ ಕೆಲಸ ಆಮೇಲಿನದು, ಅದು ನಿಧಾನದ ಕೆಲಸ. ಮೊದಲ ವಾರದ ವೇಗವನ್ನೇ ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ವಾರಗಳನ್ನು ಅಳೆಯುವವರಿಗೆ ನಿರಾಸೆ ಕಟ್ಟಿಟ್ಟ ಬುತ್ತಿ.

ಲೆಕ್ಕ ನೋಡಿ. ಮೈಯ ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ತಿಂಗಳಿಗೆ ಒಂದು ಕಿಲೊ ಕರಗಬೇಕಾದರೆ ದಿನಕ್ಕೆ 250 ಕ್ಯಾಲೊರಿಯಷ್ಟು ಕಡಿಮೆ ತಿನ್ನಬೇಕು, ಇಲ್ಲವೇ ಅಷ್ಟು ಹೆಚ್ಚು ದುಡಿಯಬೇಕು. 50 ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿಯಲ್ಲಿ ಹತ್ತಿರ ಹತ್ತಿರ 170 ಕ್ಯಾಲೊರಿ. ಅಂದರೆ ಒಂದೂವರೆ ರೊಟ್ಟಿಯಷ್ಟು ಆಹಾರವನ್ನು ದಿನವೂ, ತಪ್ಪದೆ, ಮೂವತ್ತು ದಿನ ಬಿಟ್ಟರೆ ಒಂದು ಕಿಲೊ. ಇದು ಸಣ್ಣ ಕೆಲಸವಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ವಾರಕ್ಕೆ ಅರ್ಧ ಕಿಲೊ ಇಳಿಕೆ ಸುರಕ್ಷಿತ ಎನ್ನುತ್ತಾರೆ. ತೂಕ ಇಳಿಸುವ ಊಟವಾದರೂ ದಿನಕ್ಕೆ 1,000 ಕ್ಯಾಲೊರಿಗಿಂತ ಕೆಳಗೆ ಹೋಗಬಾರದು ಎಂದೂ ಎಚ್ಚರಿಸುತ್ತಾರೆ. ‘ತಿಂಗಳಿಗೆ ಹತ್ತು ಕೆಜಿ’ ಎಂಬ ಗೋಡೆ ಜಾಹೀರಾತು ನೋಡಿದಾಗ ಈ ಲೆಕ್ಕ ಒಮ್ಮೆ ಹಾಕಿ. ಹತ್ತು ಕಿಲೊ ಕೊಬ್ಬು ಎಂದರೆ 77,000 ಕ್ಯಾಲೊರಿ, ದಿನಕ್ಕೆ 2,500ಕ್ಕೂ ಹೆಚ್ಚು. ಎಷ್ಟೋ ಹೆಣ್ಣುಮಕ್ಕಳು ಇಡೀ ದಿನಕ್ಕೆ ಉಣ್ಣುವುದೇ ಅಷ್ಟಿಲ್ಲ.

ಇನ್ನೊಂದು ಸಂಗತಿ ಇದಕ್ಕೆ ಸೇರಿಕೊಂಡಿದೆ. ನಮ್ಮ ತೂಕ ಒಂದೇ ದಿನದಲ್ಲಿ ಒಂದರಿಂದ ಎರಡು ಕಿಲೊ ಏರಿಳಿಯುತ್ತದೆ. ನಿನ್ನೆ ರಾತ್ರಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಹೆಚ್ಚಾಗಿದ್ದರೆ ಮೈ ನೀರು ಹಿಡಿಯುತ್ತದೆ. ಮಲಬದ್ಧತೆ ಇದ್ದರೆ ಏರುತ್ತದೆ. ಹೆಣ್ಣುಮಕ್ಕಳಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ನೀರು ನಿಲ್ಲುವುದರಿಂದಲೇ ತೂಕ ಹೆಚ್ಚು ತೋರುತ್ತದೆ. ಇಡೀ ತಿಂಗಳ ನಿಜವಾದ ಇಳಿಕೆ ಒಂದು ಕಿಲೊ, ದಿನದ ಏರಿಳಿತವೇ ಎರಡು ಕಿಲೊ. ಹಾಗಿದ್ದಮೇಲೆ ದಿನಾ ಬೆಳಿಗ್ಗೆ ಕಾಟಾ ಹತ್ತಿ ನಿಂತರೆ ಏನು ತಿಳಿದೀತು? ಕೊಬ್ಬು ಕರಗುತ್ತಲೇ ಇರುತ್ತದೆ, ನೀರು ಅದನ್ನು ಮುಚ್ಚಿಡುತ್ತದೆ. ಆದ್ದರಿಂದ ವಾರಕ್ಕೊಮ್ಮೆ, ವಾರದ ಅದೇ ದಿನ, ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಕುಡಿಯುವ ಮೊದಲು, ಅದೇ ಕಾಟಾದ ಮೇಲೆ ನಿಲ್ಲಿ. ಕ್ಯಾಲೆಂಡರಿನ ಮೇಲೆ ಬರೆದಿಡಿ. ಈ ವಾರವನ್ನು ಹೋದ ವಾರದ ಜೊತೆ ಹೋಲಿಸಬೇಡಿ, ಈ ತಿಂಗಳನ್ನು ಹೋದ ತಿಂಗಳ ಜೊತೆ ಹೋಲಿಸಿ. ಇವತ್ತು ನಿಮ್ಮ ಮನೆಯ ಕಾಟಾ, ನಾಳೆ ದವಾಖಾನೆಯ ಕಾಟಾ, ನಾಡಿದ್ದು ಔಷಧಿ ಅಂಗಡಿಯ ಕಾಟಾ ಎಂದು ಹತ್ತಿ ಇಳಿದರೆ ಮನಸ್ಸು ಕೆಡುತ್ತದೆಯೇ ಹೊರತು ಲೆಕ್ಕ ಸಿಗುವುದಿಲ್ಲ.

ಕಾಟಾಕ್ಕಿಂತ ನಂಬಿಕಸ್ಥ ಅಳತೆ ಮನೆಯಲ್ಲೇ ಇದೆ. ಒಂದು ದಪ್ಪ ದಾರ ತೆಗೆದುಕೊಳ್ಳಿ. ಗೋಡೆಗೆ ಬೆನ್ನು ಹಚ್ಚಿ ನಿಂತು, ಅಂಗಾಲಿನಿಂದ ನೆತ್ತಿಯವರೆಗೆ ನಿಮ್ಮ ಎತ್ತರ ಅಳೆಸಿ ಕತ್ತರಿಸಿ. ಅದನ್ನು ಸರಿಯಾಗಿ ಅರ್ಧಕ್ಕೆ ಮಡಚಿ. ಈಗ ಕೊನೆಯ ಪಕ್ಕೆಲುಬಿಗೂ ಟೊಂಕದ ಎಲುಬಿಗೂ ನಡುವೆ, ಉಸಿರು ಸಹಜವಾಗಿ ಬಿಟ್ಟು, ಆ ಅರ್ಧ ದಾರವನ್ನು ನಡುವಿನ ಸುತ್ತ ತನ್ನಿ. ಎರಡು ತುದಿ ಕೂಡಿದರೆ ಒಳ್ಳೆಯದು. ಕೂಡದಿದ್ದರೆ ನಡುವೆ ಎಷ್ಟು ಬೆರಳು ಖಾಲಿ ಉಳಿಯಿತು ಎಂದು ನೋಡಿಟ್ಟುಕೊಳ್ಳಿ. ಮುಂದಿನ ತಿಂಗಳು ಅದೇ ದಾರದಿಂದ ಮತ್ತೆ ನೋಡಿ. ನಡುವಿನ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು ಎಂಬುದು ವೈದ್ಯರು ಒಪ್ಪುವ ಅಳತೆ. ಟೇಪಿನಲ್ಲಾದರೆ ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ನಡು ಸಣ್ಣಗಾದದ್ದನ್ನು ಗಂಡಸರಿಗೆ ಉಡದಾರ, ಹೆಂಗಸರಿಗೆ ಲಂಗದ ಲಾಡಿ ಮೊದಲೇ ಹೇಳಿಬಿಡುತ್ತವೆ. ಎಷ್ಟೋ ಸಲ ಮುಳ್ಳು ನಿಂತ ತಿಂಗಳಲ್ಲೇ ಉಡದಾರ ಸಡಿಲಾಗಿರುತ್ತದೆ. ನಡೆದು ನಡೆದು ಕಾಲಿನ ಸ್ನಾಯು ಗಟ್ಟಿಯಾಗಿ, ಹೊಟ್ಟೆಯ ಕೊಬ್ಬು ಕರಗಿದಾಗ ಒಟ್ಟು ತೂಕ ಅಷ್ಟೇ ತೋರಬಹುದು.

ಹೊಟ್ಟೆಯ ಮಾತು ಒತ್ತಿ ಹೇಳಲು ಕಾರಣವಿದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 28.6ರಷ್ಟು ಮಂದಿಗೆ ಬೊಜ್ಜಿದೆ, ಹೊಟ್ಟೆಯ ಬೊಜ್ಜು ಮಾತ್ರ ಶೇ 39.5ರಷ್ಟು ಮಂದಿಗಿದೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮುಂದಿರುವವರು ನಮ್ಮಲ್ಲಿ ಹೆಚ್ಚು. ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆಗೆ ದಾರಿ ಮಾಡುವುದು ಈ ಹೊಟ್ಟೆಯೇ.

ಈಗ ಒಂದು ಧೈರ್ಯದ ಮಾತು. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಮೂರು ವರ್ಷ ಹಿಂಬಾಲಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಊಟ ತಿದ್ದಿಕೊಂಡು ನಡಿಗೆ ರೂಢಿಸಿಕೊಂಡ ಗುಂಪಿನಲ್ಲಿ ಕಾಯಿಲೆಗೆ ಬೀಳುವ ಸಾಧ್ಯತೆ ಶೇ 28.5ರಷ್ಟು ತಗ್ಗಿತ್ತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ಮುಳ್ಳು ಸರಿಯದಿದ್ದರೂ ಒಳಗೆ ಲಾಭ ಆಗುತ್ತಲೇ ಇತ್ತು. ತೂಕವೂ ಇಳಿದರೆ ಲಾಭ ಇನ್ನೂ ದೊಡ್ಡದು. ಅಮೆರಿಕದಲ್ಲಿ ಇಂಥದೇ ದೊಡ್ಡ ಅಧ್ಯಯನವೊಂದರ ಫಲಿತಾಂಶ 2002ರಲ್ಲಿ ಬಂತು. ಅಲ್ಲಿ ಮೈತೂಕದ ಶೇ 7ರಷ್ಟು ಇಳಿಸುವ ಗುರಿಯಿಟ್ಟು, ವಾರಕ್ಕೆ 150 ನಿಮಿಷ ನಡೆದ ಗುಂಪಿನಲ್ಲಿ ಆ ಸಾಧ್ಯತೆ ಶೇ 58ರಷ್ಟು ತಗ್ಗಿತು. ಶೇ 7 ಆಗದಿದ್ದರೆ ಶೇ 5 ಆದರೂ ಇಳಿಸಿ, 80 ಕಿಲೊ ತೂಗುವವರಿಗೆ ಅದು ನಾಲ್ಕೇ ಕಿಲೊ. ಅಷ್ಟು ಇಳಿದರೂ ಬಿ.ಪಿ., ಸಕ್ಕರೆ, ಮೊಣಕಾಲು ನೋವು ಎಲ್ಲಕ್ಕೂ ಗುಣ ಕಾಣುತ್ತದೆ. ಮದುವೆಯಾದಾಗಿನ ತೂಕಕ್ಕೆ ಹೋಗಲೇಬೇಕು ಎಂಬ ಹಟ ಬಿಡಿ. ಮೊದಲು ಈ ನಾಲ್ಕು ಕಿಲೊ ಇಳಿಸಿ, ಅದನ್ನು ಕಾಯ್ದುಕೊಳ್ಳಿ.

ಆದರೂ ನಿಜವಾಗಿ ನಿಂತುಹೋಗುವುದೂ ಉಂಟು. ನಾಲ್ಕು ವಾರ ಕಳೆದರೂ ತೂಕ ಸರಿಯಲಿಲ್ಲ, ದಾರದ ಅಳತೆಯೂ ಬದಲಾಗಲಿಲ್ಲ ಎಂದರೆ ಇಳಿಕೆ ನಿಂತಿದೆ ಎಂದು ತಿಳಿಯಿರಿ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. 80 ಕಿಲೊ ಮೈ ಹೊತ್ತು ನಡೆಯಲು ಬೇಕಿದ್ದಷ್ಟು ಶಕ್ತಿ 74 ಕಿಲೊ ಮೈಗೆ ಬೇಡ. ಮೊದಲು ಕೊರತೆ ಎನಿಸಿದ್ದ ಊಟ ಈಗ ಸರಿಸಮವಾಗಿದೆ. ಜೊತೆಗೆ ಮೈ ತಾನೇ ಖರ್ಚು ಹಿಡಿತ ಮಾಡುತ್ತದೆ, ಹಸಿವು ಹೆಚ್ಚಿಸುತ್ತದೆ. 1944-45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರ್ಧ ಹೊಟ್ಟೆಯ ಊಟ ಕೊಟ್ಟು ನೋಡಿದರು. ಅವರ ಮೈ ತಣ್ಣಗಾಯಿತು, ನಡಿಗೆ ನಿಧಾನವಾಯಿತು, ಹಗಲಿರುಳು ಊಟದ್ದೇ ಧ್ಯಾನವಾಯಿತು. ಬರಗಾಲ ದಾಟಿ ಬದುಕಲು ಮೈ ಕಲಿತ ವಿದ್ಯೆ ಅದು. ‘ನನಗ ಮನಸ್ಸು ಗಟ್ಟಿ ಇಲ್ರಿ’ ಎಂದು ಕಣ್ಣೀರು ಹಾಕುವ ಹೆಣ್ಣುಮಕ್ಕಳಿಗೆ ನಾನು ಹೇಳುವುದು ಇದನ್ನೇ. ನಿಮ್ಮ ಮನಸ್ಸು ಗಟ್ಟಿಯಾಗಿಯೇ ಇದೆ, ಮೈ ತನ್ನ ಧರ್ಮ ಮಾಡುತ್ತಿದೆ.

ನಿಂತಾಗ ಮಾಡಬೇಕಾದ ಮೊದಲ ಕೆಲಸ ಒಂದು ವಾರ ಬರೆದಿಡುವುದು. ಬಾಯಿಗೆ ಹೋದದ್ದೆಲ್ಲ, ಹೋದ ಕೂಡಲೇ. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು ‘ಎಷ್ಟು ಕಡಿಮೆ ತಿಂದರೂ ನಮ್ಮ ತೂಕ ಇಳಿಯುವುದಿಲ್ಲ’ ಎನ್ನುವವರನ್ನೇ ಆರಿಸಿ ಪರೀಕ್ಷಿಸಿದರು. ಅವರು ತಿಂದದ್ದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅವರ ಲೆಕ್ಕಕ್ಕೇ ಬಂದಿರಲಿಲ್ಲ. ಅವರು ಸುಳ್ಳು ಹೇಳುವವರಲ್ಲ. ಉಂಡದ್ದು ನೆನಪಿರುತ್ತದೆ, ಬಾಯಾಡಿಸಿದ್ದು ನೆನಪಿರುವುದಿಲ್ಲ.

ನಮ್ಮ ಅಡಿಗೆಮನೆಯಲ್ಲಿ ಅದು ಹೇಗೆ ಎಂದು ಹೇಳುತ್ತೇನೆ. ಬೆಳಿಗ್ಗೆ ಮಕ್ಕಳ ಡಬ್ಬಿ ಕಟ್ಟುವಾಗ ಉಪ್ಪು ನೋಡಲು ಒಂದು ಚಮಚ ಅವಲಕ್ಕಿ. ಮಗು ಅರ್ಧ ಬಿಟ್ಟ ಚಪಾತಿ. ಹತ್ತು ಗಂಟೆಗೆ ನೆರೆಯವರು ಬಂದರೆ ಚಹಾ, ಜೊತೆಗೆ ಎರಡು ಬಿಸ್ಕೀಟು. ಶೇಂಗಾ ಹುರಿಯುವಾಗ ಒಂದು ಹಿಡಿ ಬಾಯಿಗೆ. ಮಧ್ಯಾಹ್ನ ಎಲ್ಲರ ಊಟ ಆದಮೇಲೆ ಬೋಗುಣಿಯ ತಳದಲ್ಲಿ ಉಳಿದ ಅನ್ನ ಸಾರು, ಯಾಕೆಂದರೆ ‘ಅನ್ನ ಚೆಲ್ಲಬಾರದು’. ರಾತ್ರಿ ಕಟಕ ರೊಟ್ಟಿಯ ಮುರುಕು, ಅದರ ಮೇಲೆ ಶೇಂಗಾ ಚಟ್ನಿ. ಒಂದು ದೊಡ್ಡ ಚಮಚ ಶೇಂಗಾ ಚಟ್ನಿ ಎಂದರೇ 80 ಕ್ಯಾಲೊರಿ. ಇದ್ಯಾವುದೂ ಚಾರ್ಟಿನಲ್ಲಿಲ್ಲ, ಎಲ್ಲವೂ ಹೊಟ್ಟೆಯಲ್ಲಿದೆ. ಅನ್ನ ಚೆಲ್ಲಬಾರದು, ನಿಜ. ಅಳತೆ ನೋಡಿ ಬೇಯಿಸಿ, ಉಳಿದದ್ದನ್ನು ದನಕರುಗಳಿಗೆ ಹಾಕಿ. ಮನೆಯಲ್ಲಿ ಮಿಕ್ಕಿದ್ದೆಲ್ಲ ತುಂಬಿಸಲು ತಾಯಿಯ ಹೊಟ್ಟೆಯೇ ಆಗಬೇಕೆಂಬ ಕಟ್ಟಳೆ ಯಾವ ಶಾಸ್ತ್ರದಲ್ಲೂ ಇಲ್ಲ.

ಎರಡನೆಯದು ಎಣ್ಣೆಯ ಡಬ್ಬಿ. ನಿಮ್ಮ ಮನೆಗೆ ತಂದ ಐದು ಲೀಟರ್ ಡಬ್ಬಿ ಎಷ್ಟು ದಿನ ಬರುತ್ತದೆ? ನಾಲ್ವರ ಮನೆಯಲ್ಲಿ ಒಂದೇ ತಿಂಗಳಿಗೆ ಮುಗಿದರೆ ತಲೆಗೆ ದಿನಕ್ಕೆ 38 ಗ್ರಾಂ ಎಣ್ಣೆ, ಅಂದರೆ ಸುಮಾರು 340 ಕ್ಯಾಲೊರಿ. ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ಊಟಕ್ಕೆ ಹೇಳಿರುವುದು 27 ಗ್ರಾಂ. ಆ ಲೆಕ್ಕಕ್ಕೆ ನಾಲ್ವರಿಗೆ ತಿಂಗಳಿಗೆ ಮೂರೂವರೆ ಲೀಟರ್ ಸಾಕು. ಇಷ್ಟೇ ತಿದ್ದುಪಡಿಯಿಂದ ದಿನಕ್ಕೆ ನೂರು ಕ್ಯಾಲೊರಿ ಉಳಿತಾಯ, ಅದೂ ಮನೆಮಂದಿಗೆಲ್ಲ. ಎಣ್ಣೆಗಾಯಿ ಬೇಡ ಎನ್ನುವುದಿಲ್ಲ. ಡಬ್ಬಿಯಿಂದ ನೇರ ಬಾಣಲೆಗೆ ಸುರಿಯುವುದು ಬಿಟ್ಟು ಚಮಚದಲ್ಲಿ ಅಳೆದು ಹಾಕಿ. ಶೇಂಗಾ ಪುಡಿ, ಗುರೆಳ್ಳು ಪುಡಿಯಲ್ಲೇ ಎಣ್ಣೆ ಇದೆ. ಬದನೆಕಾಯಿ ಅದರಲ್ಲೇ ಮೆತ್ತಗಾಗುತ್ತದೆ, ರುಚಿಯೂ ಕೆಡುವುದಿಲ್ಲ.

ಮೂರನೆಯದು ಚಹಾ. ನಮ್ಮ ಕಡೆಯ ಚಹಾಕ್ಕೆ ಎರಡು ಚಮಚ ಸಕ್ಕರೆ ಸಾಮಾನ್ಯ. ದಿನಕ್ಕೆ ಐದು ಸಲ ಕುಡಿದರೆ 50 ಗ್ರಾಂ ಸಕ್ಕರೆ, 200 ಕ್ಯಾಲೊರಿ. ಹೋದ ಮನೆಯಲ್ಲೆಲ್ಲ ಚಹಾ ಕೊಡುವ ಊರು ನಮ್ಮದು, ಒಲ್ಲೆ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ‘ಅರ್ಧ ಕಪ್ಪು ಕೊಡ್ರಿ, ಸಕ್ಕರಿ ಬ್ಯಾಡ’ ಎಂದರೆ ಅವರ ಮನಸ್ಸೂ ಉಳಿಯುತ್ತದೆ, ನಿಮ್ಮ ಲೆಕ್ಕವೂ ಉಳಿಯುತ್ತದೆ.

ಬರೆದಿಟ್ಟದ್ದನ್ನು ನೋಡಿ ಒಂದೇ ಒಂದು ತಿದ್ದುಪಡಿ ಮಾಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಹದಿನೈದು ದಿನಕ್ಕೆ ಬೇಸರ ಬರುತ್ತದೆ. ಅರ್ಧ ರೊಟ್ಟಿ ಬಿಡಿ, ಇಲ್ಲವೇ ಚಹಾದ ಸಕ್ಕರೆ ಬಿಡಿ, ಇಲ್ಲವೇ ರಾತ್ರಿಯ ಅನ್ನ ಬಿಡಿ. ನಾಲ್ಕು ವಾರ ಅದನ್ನೇ ನಡೆಸಿ. ಆಮೇಲೆ ಮುಂದಿನದು.

ಇನ್ನು ಚಾರ್ಟಿನ ಮಾತು. ಬೆಂಗಳೂರಿನಿಂದಲೋ ಮೊಬೈಲಿನಿಂದಲೋ ಬಂದ ಚಾರ್ಟಿನಲ್ಲಿ ಓಟ್ಸ್, ಬ್ರೊಕೊಲಿ, ಆವಕಾಡೊ ಎಂದಿರುತ್ತದೆ. ಮುಂಡರಗಿ ಸಂತೆಯಲ್ಲಿ ಅವನ್ನು ಹುಡುಕುತ್ತ ಸುಸ್ತಾಗಬೇಡಿ. ನೀವು ಹತ್ತು ವರ್ಷ ಉಣ್ಣಬಲ್ಲ ಊಟವೇ ನಿಮಗೆ ಸರಿಯಾದ ಡಯಟ್. ಜೋಳದ ರೊಟ್ಟಿ ಅದರಲ್ಲಿ ಇರಲಿ, ಒಂದೋ ಒಂದೂವರೆಯೋ. ತಟ್ಟೆಯ ಅರ್ಧ ಭಾಗ ತಪ್ಪಲು ಪಲ್ಯ, ತರಕಾರಿ ಇರಲಿ: ಪುಂಡಿ, ರಾಜಗಿರಿ, ಹೀರೇಕಾಯಿ, ಚವಳಿಕಾಯಿ. ಹಸಿ ಮೆಂತ್ಯ, ಹಕ್ಕರಕಿ, ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿಯನ್ನು ರೊಟ್ಟಿಯ ಜೊತೆ ಹಾಗೇ ಕಚ್ಚಿ ತಿನ್ನುವುದು ನಮ್ಮ ಹಿರಿಯರ ರೂಢಿ, ಅದನ್ನು ಬಿಡಬೇಡಿ. ಹೆಸರು, ಮಡಿಕೆ, ಅಲಸಂದಿ, ಹುರುಳಿ ಕಾಳಿನ ಪಲ್ಯ ದಿನಕ್ಕೆ ಒಂದಾದರೂ ಇರಲಿ. ತಿನ್ನುವವರಿಗೆ ತತ್ತಿ, ಎಲ್ಲರಿಗೂ ಒಂದು ಬಟ್ಟಲು ಮೊಸರು. ಕಾಳು, ಮೊಸರು, ತತ್ತಿಯ ಪ್ರೋಟೀನ್ ಹೊಟ್ಟೆ ತುಂಬಿದಂತೆ ಇಡುತ್ತದೆ, ತೂಕ ಇಳಿಯುವಾಗ ಸ್ನಾಯು ಕರಗದಂತೆ ಕಾಯುತ್ತದೆ. ಪಲ್ಯ ಮೊದಲು ತಿಂದು ಆಮೇಲೆ ರೊಟ್ಟಿ ಮುರಿಯಿರಿ, ಒಂದು ರೊಟ್ಟಿಗೇ ಸಾಕೆನಿಸುತ್ತದೆ.

‘ನಮ್ಮ ಅಜ್ಜ ನಾಕ ರೊಟ್ಟಿ ಉಣ್ತಿದ್ದ, ಅವಗ ಬೊಜ್ಜ ಎಲ್ಲಿತ್ರಿ?’ ಎಂದು ಕೇಳುವವರಿದ್ದಾರೆ. ಅಜ್ಜ ಹೊಲಕ್ಕೆ ನಡೆದು ಹೋಗಿ, ರಂಟೆ ಕುಂಟೆ ಹೊಡೆದು, ಹೊತ್ತು ಮುಳುಗಿದ ಮೇಲೆ ನಡೆದು ಬರುತ್ತಿದ್ದ. ಅಜ್ಜಿ ನಸುಕಿನಲ್ಲೇ ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದಳು, ಬಾವಿಯಿಂದ ಕೊಡ ಹೊರುತ್ತಿದ್ದಳು. ಈಗ ಹಿಟ್ಟು ಗಿರಣಿಯಿಂದ ಬರುತ್ತದೆ, ನೀರು ನಳದಲ್ಲಿ ಬರುತ್ತದೆ, ಹೊಲಕ್ಕೆ ಬೈಕ್ ಹೋಗುತ್ತದೆ. ಕಷ್ಟ ತಪ್ಪಿದ್ದು ಒಳ್ಳೆಯದೇ ಆಯಿತು, ಆದರೆ ರೊಟ್ಟಿಯ ಲೆಕ್ಕ ಮಾತ್ರ ಅಜ್ಜನ ಕಾಲದ್ದೇ ಉಳಿಯಿತು.

ನಡಿಗೆ ಬೇಕೇ ಬೇಕು. ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆ, ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಲದ ಕೆಲಸಕ್ಕೆ ಜಿಮ್ ಬೇಕಿಲ್ಲ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ಮೈ ಒತ್ತುವುದು, ತುಂಬಿದ ಕೊಡ ಎತ್ತಿ ಇಡುವುದು ಸಾಕು. ಬೇಸಿಗೆಯಲ್ಲಿ ನಮ್ಮ ಬಿಸಿಲು ಗೊತ್ತಲ್ಲ, ಸೂರ್ಯ ನೆತ್ತಿಗೆ ಬರುವ ಮೊದಲೇ ಮುಗಿಸಿ. ಮೊಣಕಾಲು ಗಟ್ಟಿ ಇರುವ ಹುಡುಗರು ರಜೆಯಲ್ಲಿ ಕಪ್ಪತಗುಡ್ಡದ ಕಡೆ ಹೊರಡಿ. ಆದರೆ ನಡಿಗೆಯೊಂದನ್ನೇ ನೆಚ್ಚಬೇಡಿ. 70 ಕಿಲೊ ತೂಗುವವರು ಒಂದು ತಾಸು ಬಿರುಸಾಗಿ ನಡೆದರೆ ಖರ್ಚಾಗುವುದು 200ರಿಂದ 250 ಕ್ಯಾಲೊರಿ. ವಾಕಿಂಗ್ ಮುಗಿಸಿ ಬರುವ ದಾರಿಯಲ್ಲಿ ಒಂದು ತಟ್ಟೆ ಗಿರಮಿಟ್ಟು, ಎರಡು ಮಿರ್ಚಿ ತಿಂದರೆ ಆ ತಾಸು ಅಲ್ಲಿಗೇ ಮುಗಿಯಿತು. ನಿದ್ದೆಯನ್ನೂ ಮರೆಯಬೇಡಿ. ನಡುರಾತ್ರಿಯವರೆಗೆ ಮೊಬೈಲು ನೋಡಿ ಐದು ತಾಸು ಮಲಗಿದವರಿಗೆ ಮರುದಿನ ಹಸಿವು ಹೆಚ್ಚು, ಸಿಹಿಯ ಆಸೆ ಹೆಚ್ಚು.

ಹಬ್ಬಗಳ ವಿಷಯದಲ್ಲಿ ನಾನು ಕಟ್ಟುನಿಟ್ಟಿನವಳಲ್ಲ. ಪಂಚಮಿಯ ಉಂಡಿ, ಎಳ್ಳಮಾವಾಸ್ಯೆಯ ಚರಗದ ದಿನ ಹೊಲದಲ್ಲಿ ಕೂತು ಉಣ್ಣುವ ಸಜ್ಜಿ ರೊಟ್ಟಿ, ಕಡುಬು, ಅನ್ನದಾನೀಶ್ವರ ಮಠದ ಜಾತ್ರೆಯ ಪ್ರಸಾದ ಇವನ್ನೆಲ್ಲ ಬಿಟ್ಟು ಬದುಕಿ ಎಂದು ಯಾರಾದರೂ ಹೇಳಿದರೆ ಆ ಮಾತು ಕೇಳಬೇಡಿ. ಹಬ್ಬದ ದಿನ ಹಬ್ಬದೂಟ ಉಣ್ಣಿ, ಮರುದಿನ ಬೆಳಿಗ್ಗೆ ನಿಮ್ಮ ಊಟಕ್ಕೆ ವಾಪಸ್ ಬನ್ನಿ. ಕೆಡುಕಾಗುವುದು ಪಂಚಮಿಯ ದಿನ ತಿಂದ ಎರಡು ಉಂಡಿಯಿಂದಲ್ಲ, ಡಬ್ಬಿ ಖಾಲಿಯಾಗುವವರೆಗೆ ದಿನಾ ಚಹಾದ ಜೊತೆ ತಿನ್ನುವ ಉಂಡಿಯಿಂದ. ಶ್ರಾವಣ ಸೋಮವಾರದ ಉಪವಾಸವನ್ನೂ ಡಯಟ್ ಎಂದು ತಿಳಿಯಬೇಡಿ. ಹಗಲೆಲ್ಲ ಹಸಿದಿದ್ದು, ಸಂಜೆ ಶೇಂಗಾ ಪುಡಿ, ತುಪ್ಪ ಹಾಕಿದ ಸಾಬೂದಾಣಿ ತಟ್ಟೆ ತುಂಬ ಉಂಡರೆ ದಿನದ ಲೆಕ್ಕ ಏರಿಯೇ ಇರುತ್ತದೆ. ದೇವರಿಗಾಗಿ ಉಪವಾಸ ಮಾಡಿ, ತೂಕಕ್ಕಾಗಿ ಬೇಡ.

ಜನರ ಮಾತು ಇನ್ನೊಂದು ಅಡ್ಡಿ. ಇಳಿಯದಿದ್ದರೆ ‘ಏನ ಡಯಟ್ ಮಾಡ್ತೀಯೋ’ ಎನ್ನುತ್ತಾರೆ. ಇಳಿದರೆ ‘ಯಾಕ ಸೊರಗೀಯವ್ವಾ, ಸಕ್ಕರಿ ಬ್ಯಾನಿ ಬಂತೇನು?’ ಎನ್ನುತ್ತಾರೆ. ಮದುವೆ ಮನೆಯಲ್ಲಿ ‘ತಿನ್ನು, ಒಂದಿನಕ್ಕ ಏನಾಕ್ಕೈತಿ’ ಎಂದು ಬುಂದೆ ಬಡಿಸುತ್ತಾರೆ. ಅವರದು ಪ್ರೀತಿ, ಜಗಳ ಬೇಡ. ನಕ್ಕು ಕೈ ಅಡ್ಡ ಹಿಡಿಯಿರಿ. ಅಕ್ಕನ ಜೊತೆ, ಓರಗಿತ್ತಿಯ ಜೊತೆ, ಕಾಲೇಜಿನ ಗೆಳತಿಯ ಜೊತೆ ನಿಮ್ಮ ಇಳಿಕೆಯನ್ನು ಹೋಲಿಸಬೇಡಿ. ವಯಸ್ಸು, ಹೆರಿಗೆ, ಔಷಧಿ, ಕೆಲಸ ಬೇರೆಯಾದ ಮೇಲೆ ವೇಗವೂ ಬೇರೆಯಾಗುತ್ತದೆ. ಗಂಡ ಹೆಂಡತಿ ಒಟ್ಟಿಗೆ ಶುರು ಮಾಡಿದರೂ ಗಂಡನದು ಸಾಮಾನ್ಯವಾಗಿ ಬೇಗ ಇಳಿಯುತ್ತದೆ, ಗಂಡಸರಲ್ಲಿ ಸ್ನಾಯು ಹೆಚ್ಚು.

ಬೇಸತ್ತವರನ್ನು ಅಡ್ಡದಾರಿ ಕೈಬೀಸಿ ಕರೆಯುತ್ತದೆ. ಕಪ್ಪತಗುಡ್ಡದ ಗಿಡಮೂಲಿಕೆಗೆ ದೊಡ್ಡ ಹೆಸರಿದೆ. ಆ ಹೆಸರು ಹೇಳಿ ಚೀಟಿಯೇ ಇಲ್ಲದ ಬಾಟಲಿಯಲ್ಲಿ ‘ಬೊಜ್ಜು ಕರಗಿಸುವ ಪುಡಿ’ ಮಾರಿದರೆ ಕೊಳ್ಳಬೇಡಿ. ಬರೀ ನಿಂಬೆ ನೀರು, ಬರೀ ಹಣ್ಣು ಎಂದು ವಾರಗಟ್ಟಲೆ ಇರಬೇಡಿ. ವೈದ್ಯರ ನಿಗಾ ಇಲ್ಲದೆ ಭರ್ರನೆ ತೂಕ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟಬಹುದು, ಎರಡು ಮೂರು ತಿಂಗಳಲ್ಲಿ ಕೂದಲು ಉದುರಬಹುದು, ಸ್ನಾಯು ಸೋರಿಹೋಗುತ್ತದೆ. 2025ರಲ್ಲಿ ಮೌಂಜಾರೊ, ವೆಗೋವಿ ಎಂಬ ಇಂಜೆಕ್ಷನ್‌ಗಳು ನಮ್ಮ ದೇಶಕ್ಕೂ ಬಂದವು. ಬೊಜ್ಜು ತೀರಾ ಹೆಚ್ಚಿದ್ದವರಿಗೆ, ಜೊತೆಗೆ ಕಾಯಿಲೆ ಇದ್ದವರಿಗೆ ಅವು ನಿಜಕ್ಕೂ ಉಪಯುಕ್ತ, ಆದರೆ ವೈದ್ಯರು ನೋಡಿ ಬರೆದುಕೊಟ್ಟರೆ ಮಾತ್ರ. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಔಷಧಿ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂದದ್ದು ಅಧ್ಯಯನದಲ್ಲಿ ಕಂಡಿದೆ. ಇಂಜೆಕ್ಷನ್ ತೆಗೆದುಕೊಂಡರೂ ಊಟ ತಿದ್ದಿಕೊಳ್ಳುವುದು ತಪ್ಪುವುದಿಲ್ಲ.

ಎಲ್ಲ ಸರಿಯಾಗಿ ಮಾಡಿಯೂ ಎರಡು ಮೂರು ತಿಂಗಳು ಏನೂ ಬದಲಾಗದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಸದಾ ಸುಸ್ತು, ಮಲಬದ್ಧತೆ, ಚಳಿ ತಡೆಯದಿರುವುದು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮುಟ್ಟು ಏರುಪೇರಾಗುವ ಹುಡುಗಿಯರಲ್ಲಿ ಪಿಸಿಒಎಸ್ ಎಂಬ ಹಾರ್ಮೋನ್ ತೊಂದರೆ ಇರಬಹುದು. ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳು ತೂಕ ಏರಿಸುತ್ತವೆ, ಹಾಗಂತ ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಊಟ ಕಡಿಮೆ ಮಾಡುವ ಮೊದಲೇ ಕೇಳಬೇಕು, ಇಲ್ಲವಾದರೆ ಸಕ್ಕರೆ ಇಳಿದು ತಲೆ ಸುತ್ತಿ ಬೀಳುವ ಅಪಾಯವಿದೆ. ಬಸುರಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು ಈ ಗೋಜಿಗೆ ಹೋಗಬಾರದು. ಏನೂ ಮಾಡದೆ ತಾನಾಗಿ ತೂಕ ಇಳಿಯುತ್ತಿದ್ದರೆ ಸಂತೋಷಪಡಬೇಡಿ. ಸಕ್ಕರೆ ಕಾಯಿಲೆಯೋ ಕ್ಷಯವೋ ಇರಬಹುದು, ಕೂಡಲೇ ತೋರಿಸಿ. ಕನ್ನಡಿ ನೋಡಲೇ ಬೇಡವೆನಿಸುವಷ್ಟು, ಉಂಡದ್ದಕ್ಕೆ ಅಳು ಬರುವಷ್ಟು ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಿ, ದುಡ್ಡು ಬೀಳುವುದಿಲ್ಲ.

ಮನೆಯವರಿಗೂ ಒಂದು ಮಾತು. ಸೊಸೆ, ಮಗಳು, ಹೆಂಡತಿ ಊಟ ತಿದ್ದಿಕೊಳ್ಳುತ್ತಿದ್ದರೆ ಆಕೆಗೊಬ್ಬಳಿಗೇ ಬೇರೆ ಪಲ್ಯ, ಮಿಕ್ಕವರಿಗೆಲ್ಲ ಕರಿದದ್ದು ಎಂದು ಆಕೆಯ ಕೈಲೇ ಮಾಡಿಸಬೇಡಿ. ಕಡಿಮೆ ಎಣ್ಣೆಯ ಊಟ ಮನೆಮಂದಿಗೆಲ್ಲ ಒಳ್ಳೆಯದೇ. ಬೆಳಿಗ್ಗೆ ಒಂದು ತಾಸು ಆಕೆ ನಡೆಯಲು ಹೋದಾಗ ಚಹಾ ನೀವೇ ಕಾಸಿಕೊಳ್ಳಿ. ‘ಎಷ್ಟ ಇಳೀತು?’ ಎಂದು ದಿನಾ ಕೇಳುವುದನ್ನು ನಿಲ್ಲಿಸಿ. ಜೊತೆಗೆ ನಡೆಯಲು ಹೋದರಂತೂ ಅದಕ್ಕಿಂತ ದೊಡ್ಡ ಸಹಾಯವಿಲ್ಲ.

ಮುಂದಿನ ತಿಂಗಳು ನಿಮ್ಮ ತೂಕ ಇಳಿಯಬಹುದು, ಇಳಿಯದಿರಬಹುದು, ಅದು ನಿಮ್ಮ ಕೈಯಲ್ಲಿಲ್ಲ. ಇವತ್ತಿನ ಊಟ, ಇವತ್ತಿನ ನಡಿಗೆ, ಇವತ್ತಿನ ನಿದ್ದೆ ನಿಮ್ಮ ಕೈಯಲ್ಲಿವೆ. ವರ್ಷಕ್ಕೆ ಆರೇ ಕಿಲೊ ಇಳಿದರೂ ನಿಮ್ಮ ಮೊಣಕಾಲು, ಹೃದಯ, ರಕ್ತದ ಸಕ್ಕರೆ ಎಲ್ಲಕ್ಕೂ ಅದು ದೊಡ್ಡ ಉಪಕಾರ. ಮುಳ್ಳು ಸರಿಯದಿದ್ದರೂ ಆರು ತಿಂಗಳು ಈ ಕ್ರಮ ಬಿಡದೆ ನಡೆಸಿ, ಆಮೇಲೆ ದಾರ ಹಿಡಿದು ನಡು ಅಳೆಯಿರಿ, ಬಿ.ಪಿ. ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಡಯಟ್ ಬಿಡುವ ಮಾತು ಆಡಬೇಡಿ.